ಪಾಟೀಲರ ಟ್ಯಾಂಕಿಗೆ ಹೊಸ ನಳಿಕೆ

ಒಬ್ಬ ಮನುಷ್ಯನನ್ನು ಸಂತೋಷಪಡಿಸುವುದು ಅಷ್ಟೇನೂ ಕಷ್ಟವಲ್ಲ ಎಂದು ನಾನು ನಂಬಿದ್ದೆ. ಒಂದು ಪೆಟ್ಟಿಗೆ ಪ್ಲಾಸ್ಟಿಕ್ ಬಿಡಿಭಾಗ, ಒಂದು ಟ್ಯೂಬ್ ಅಂಟು, ನಾಲ್ಕು ಭಾನುವಾರ. ಸಾಕು!

ಆ ಮನುಷ್ಯ ನಮ್ಮ ಮನೆ ಮಾಲೀಕರಾದ ಪಾಟೀಲರು. ವಿಜಯಪುರದ ಕಡೆಯವರು, ಸೇನೆಯಲ್ಲಿ ಟ್ಯಾಂಕ್ ಓಡಿಸಿ ನಿವೃತ್ತರಾದವರು. ಹೈದರಾಬಾದಿನ ಬೇಗಂಪೇಟೆಯಲ್ಲಿ ಕೆಳಗಿನ ಮನೆ ಅವರದು, ಮೇಲೆ ಮೈಸೂರಿನಿಂದ ಬಂದ ನಾನು ಮತ್ತು ಹೆಂಡತಿ ರೇಖಾ. ನಾನು ಮಾದಾಪುರದಲ್ಲಿ ದಿನವಿಡೀ ಕೀಬೋರ್ಡ್ ಕುಟ್ಟುವವನು; ಅವರು ಹತ್ತಾರು ಟನ್ ಕಬ್ಬಿಣವನ್ನು ಮರಳಿನಲ್ಲಿ ಓಡಿಸಿದವರು. ಅವರೆದುರು ನಿಂತರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಅಂಥವರು ಒಂದು ಸಂಜೆ ಮೆಲ್ಲಗೆ ಹೇಳಿದರು:

"ನಮ್ಮ ಗಾಡಿದು ಒಂದ ಫೋಟೋ ಇತ್ರಿ. ಮನಿ ಬದಲಿ ಮಾಡೂ ಮುಂದ ಕಳದು ಹೋತು. ಈಗ ಕಣ್ಣ ಮುಚ್ಚಿದ್ರಷ್ಟ ಕಾಣತೈತಿ."

ಅವರ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಅದೇ ಟ್ಯಾಂಕಿನ ಮಾದರಿ ಮಾಡಿ ಕೊಡುವುದಾಗಿ ರೇಖಾಳ ಸಮ್ಮುಖದಲ್ಲಿ ಶಪಥ ಮಾಡಿದೆ. ಮಾಡಿಯೂ ಮಾಡಿದೆ! ಗೇಣುದ್ದದ ಟ್ಯಾಂಕ್ ಊಟದ ಮೇಜಿನ ಮೇಲೆ ಗತ್ತಿನಿಂದ ನಿಂತಿತು.

"ಎಷ್ಟು ಚೆನ್ನಾಗಿದೆ! ಇವತ್ತೇ ಪ್ಯಾಕ್ ಮಾಡಿಡಿ," ಎಂದಳು ರೇಖಾ.

ಮಾಡಿಡಬೇಕಿತ್ತು. ಆದರೆ ನಾನು ಸಾಫ್ಟ್‌ವೇರಿನವನು. ಸರಿಯಾಗಿರುವುದನ್ನು ಅಪ್‌ಗ್ರೇಡ್ ಮಾಡದಿದ್ದರೆ ನಮಗೆ ತಿಂದದ್ದು ಮೈಗೆ ಹತ್ತುವುದಿಲ್ಲ. ಪೆಟ್ಟಿಗೆಯಲ್ಲಿ ಬಂದ ಪ್ಲಾಸ್ಟಿಕ್ ಭಾಗಗಳು ಏನೇನೂ ಸಾಲವು, ಬೇರೆಯವರು ರೆಸಿನ್ ಎಂಬ ರಾಳದಲ್ಲಿ ಎರಕ ಹೊಯ್ದು ಮಾರುವ ಭಾಗಗಳನ್ನೇ ಹಾಕಬೇಕು ಎಂದು ಇಂಟರ್‌ನೆಟ್ಟಿನ ಪಂಡಿತರು ಬರೆದಿದ್ದರು. ಆನ್‌ಸೈಟ್ ಕೆಲಸಕ್ಕೆಂದು ವಿದೇಶಕ್ಕೆ ಹೋಗಿದ್ದ ಸಹೋದ್ಯೋಗಿಗೆ ತರಲು ಹೇಳಿದೆ. ಅವನು ಬಂದಿಳಿದ ದಿನ ವಿಮಾನ ನಿಲ್ದಾಣದಲ್ಲಿ ಅವನ ಹೆಂಡತಿಗಿಂತ ಮುಂದೆ ನಾನು ನಿಂತಿದ್ದೆ!

ಆ ಭಾಗಗಳನ್ನು ಏನೆಂದು ಹೊಗಳಲಿ? ಬೋಲ್ಟಿನ ತಲೆ, ಬೆಸುಗೆಯ ಗೆರೆ, ಚೀಲದ ಮಡಿಕೆ ಎಲ್ಲವೂ ಇದ್ದವು. ಟ್ಯಾಂಕಿನ ಹಿಂದೆ ನೇತುಹಾಕುವ, ಅನ್ನದ ಅಗುಳಿನಷ್ಟಿದ್ದ ಬಕೆಟ್ಟಿಗೆ ಹಿಡಿಕೆಯೂ ಇತ್ತು. ಅದನ್ನು ಮಾಡಿದ ಪುಣ್ಯಾತ್ಮನಿಗೆ ಕೂತಲ್ಲೇ ಕೈ ಮುಗಿದೆ.

ಪ್ಲಾಸ್ಟಿಕ್ಕಿನ ಅಂಟು ರೆಸಿನ್ನಿಗೆ ಹಿಡಿಯುವುದಿಲ್ಲ ಎಂಬುದು ಬಕೆಟ್ಟು ಮೂರನೆಯ ಸಲ ಬಿದ್ದಾಗ ತಿಳಿಯಿತು. ಸೂಪರ್ ಗ್ಲೂ ತಂದೆ. ಅದು ಗಟ್ಟಿಯಾಗಿಯೇ ಹಿಡಿಯಿತು, ಬಕೆಟ್ಟನ್ನು ನನ್ನ ಹೆಬ್ಬೆರಳಿಗೆ! ಮರುದಿನ ಆಫೀಸಿನ ಮೀಟಿಂಗಿನಲ್ಲಿ ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಮಾತಾಡಿದೆ.

ಫಿರಂಗಿಯ ರೆಸಿನ್ ನಳಿಕೆ ಸ್ವಲ್ಪ ಸೊಟ್ಟಗಿತ್ತು. ರೆಸಿನ್ ಬಿಸಿಗೆ ಮೆತ್ತಗಾಗುತ್ತದೆ, ಆಗ ನೆಟ್ಟಗೆ ಮಾಡಿ ತಣ್ಣೀರಿಗೆ ಹಾಕಬೇಕು ಎಂದು ಓದಿ, ರೇಖಾಳ ಟೀ ಪಾತ್ರೆಯಲ್ಲಿ ಅದನ್ನು ಕುದಿಸಿದೆ. ನಳಿಕೆ ದಾರ ಹಿಡಿದಂತೆ ನೆಟ್ಟಗಾಯಿತು! ಆ ಉಮೇದಿನಲ್ಲಿ ಹಳೆಯ ಪ್ಲಾಸ್ಟಿಕ್ ನಳಿಕೆಯನ್ನು ಗರಗಸದಿಂದ ಕೊಯ್ದು ಕಸಕ್ಕೆ ಹಾಕಿ, ಹೊಸದನ್ನು ಅಂಟಿಸಿದೆ.

ಹುಟ್ಟುಹಬ್ಬದ ದಿನ ಬಂತು. ಹಿಂದಿನ ರಾತ್ರಿ ಬಳಿದ ಬಣ್ಣ ಇನ್ನೂ ಹಸಿಯಾಗಿತ್ತು. ಬೇಗ ಒಣಗಲೆಂದು ಟ್ಯಾಂಕನ್ನು ಹನ್ನೆರಡು ಗಂಟೆಗೆ ತಾರಸಿಯ ಮೇಲಿಟ್ಟೆ. ಮೇ ತಿಂಗಳು. ಹೈದರಾಬಾದಿನ ಬಿಸಿಲು. ರೆಸಿನ್ ಬಿಸಿಗೆ ಮೆತ್ತಗಾಗುತ್ತದೆ ಎಂಬ ಸತ್ಯವನ್ನು ಎರಡು ದಿನದ ಹಿಂದೆ ನಾನೇ ಪ್ರಯೋಗದಿಂದ ಸಾಬೀತುಪಡಿಸಿದ್ದೆ. ಮರೆತಿದ್ದೆ!

ನಾಲ್ಕಕ್ಕೆ ಹೋಗಿ ನೋಡಿದರೆ ನಳಿಕೆ ಮೂತಿ ಕೆಳಗೆ ಹಾಕಿ ನೆಲ ನೋಡುತ್ತಿತ್ತು.

"ಇನ್ನೊಂದ್ಸಲ ಬಿಸಿನೀರಿಗೆ..." ಎಂದೆ.

"ಬಣ್ಣ ಎಲ್ಲಾ ಕಿತ್ತು ಬರತ್ತೆ. ಅದನ್ನ ಮುಟ್ಟಿದ್ರೆ ನಾನು ಮೈಸೂರಿಗೆ ಹೊರಟೆ!" ಎಂದಳು ರೇಖಾ.

ಆ ಮನುಷ್ಯ ಇಷ್ಟು ವರ್ಷ ಕಣ್ಣು ಮುಚ್ಚಿ ನೋಡುತ್ತಿದ್ದ ಟ್ಯಾಂಕು, ನನ್ನ ದೆಸೆಯಿಂದ ಈ ಅವಸ್ಥೆಗೆ ಬಂತಲ್ಲ ಎಂದು ಅಳು ಬಂತು. ಬರಿಗೈಯಲ್ಲಿ ಹೋಗುವ ಧೈರ್ಯವೂ ಇರಲಿಲ್ಲ.

ಸಂಜೆ ಕೆಳಗಿನ ಮನೆಯ ತುಂಬ ನೆಂಟರು. ಪಾಟೀಲರು ನಾನು ಕೊಟ್ಟ ಡಬ್ಬಿ ತೆರೆದರು. ಯಾರೋ ಕಿಸಕ್ಕೆಂದರು. ಪಾಟೀಲರು ನಗಲಿಲ್ಲ. ಬಾಗಿದ ನಳಿಕೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿಯಿಂದೆದ್ದು, ಅಟೆನ್ಷನ್‌ನಲ್ಲಿ ನಿಂತು, ಆ ಗೇಣುದ್ದದ ಟ್ಯಾಂಕಿಗೆ ಸೆಲ್ಯೂಟ್ ಹೊಡೆದರು!

"ನಗಬ್ಯಾಡ್ರಿ," ಎಂದರು ನೆಂಟರಿಗೆ. "ಪರೇಡಿನ್ಯಾಗ ಟ್ಯಾಂಕ್ ಹಿಂಗ ತೋಪು ಇಳಿಸಿ ಸಲಾಮಿ ಕೊಡತೈತಿ. ಎಪ್ಪತ್ತೈದು ತುಂಬಿದ ಡ್ರೈವರ್‌ಗ ಅದರ ಸಲಾಮಿ ಇದು. ಎಷ್ಟ ತಿಳಕೊಂಡ ಮಾಡ್ಯಾನ ನೋಡ್ರಿ ಹುಡುಗ! ಶಾಭಾಸ್!"

ಅವರ ಕಣ್ಣು ಒದ್ದೆಯಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಆ ಚಪ್ಪಾಳೆಯನ್ನು ನಾಚಿಕೆಯಿಲ್ಲದೆ ಸ್ವೀಕರಿಸಿದೆ. ಸೇನಾ ಸಂಪ್ರದಾಯದ ಬಗ್ಗೆ ನಾಲ್ಕು ಮಾತು ಆಡಲೂ ಬಾಯಿ ತೆರೆದೆ. ಅಷ್ಟರಲ್ಲಿ ಪಾಟೀಲರು ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದೊಯ್ದು ಕಿವಿಯಲ್ಲಿ ಹೇಳಿದರು:

"ಮಧ್ಯಾಹ್ನ ಒಣಹಾಕಿದ ಅರಿವಿ ತರಾಕ ತಾರಸಿ ಮ್ಯಾಲ ಹೋಗಿದ್ನಿ. ತೋಪು ಬಾಗಾಕತ್ತಿತ್ತು. ನೆರಳಿಗೆ ಇಡೋಣಂದ್ನಿ, ಆದ್ರ ನೀವು ಕದ್ದುಮುಚ್ಚಿ ಮಾಡೀರಿ, ಸರ್‌ಪ್ರೈಸ್ ಕೆಡತೈತಂತ ಬಿಟ್ನಿ."

ಎಂಥ ದೊಡ್ಡ ಮನುಷ್ಯ! ನನಗೆ ಕಾಲಿಗೆ ಬೀಳಬೇಕೆನ್ನಿಸಿತು. "ಕೊಡಿ ಸರ್, ಒಂದೇ ದಿನ, ನೆಟ್ಟಗೆ ಮಾಡಿ ತರ್ತೀನಿ," ಎಂದೆ.

ಪಾಟೀಲರು ಟ್ಯಾಂಕನ್ನು ಗಾಜಿನ ಕಪಾಟಿನಲ್ಲಿಟ್ಟರು, ಬೀಗ ಹಾಕಿದರು, ಕೀಲಿಯನ್ನು ಜೇಬಿಗೆ ಇಳಿಸಿದರು. ಆಮೇಲೆ ನನ್ನ ಕಡೆ ನೋಡಿ, ಬೀಗವನ್ನು ಇನ್ನೊಮ್ಮೆ ಎಳೆದು ನೋಡಿದರು.