ಒತ್ತೊತ್ತಾಗಿ ನೆಟ್ಟ ಸ್ಟ್ರಾಬೆರಿ

ಸಿಟಿ ಬಸ್ಸಿನ ಕಂಡಕ್ಟರ್ ಆದ ನನಗೇ ಜಾಗದ ವಿಷಯದಲ್ಲಿ ಪಾಠ ಹೇಳಲು ಹೊರಟವಳು ನನ್ನ ಹೆಂಡತಿ!

ಹಿತ್ತಲಿನ ಎರಡು ಮಡಿಗಳಲ್ಲಿ ಸ್ಟ್ರಾಬೆರಿ ಹಾಕುವ ದಿವ್ಯ ಆಲೋಚನೆ ನನ್ನದೇ. ‘ಭಾವನಿಗೆ ಟಿಕೆಟ್ ಹರಿಯೋದು ಬಿಟ್ರೆ ಇನ್ನೇನು ಬರುತ್ತೆ?’ ಎಂದು ನಗುವ ನಾದಿನಿಯ ಬಾಯಿಯನ್ನು ಹಣ್ಣಿನಿಂದಲೇ ಮುಚ್ಚಿಸಬೇಕಿತ್ತು. ಒಂದು ಮಡಿ ನನಗೆ, ಇನ್ನೊಂದು ಹೆಂಡತಿಗೆ.

“ಗಿಡದಿಂದ ಗಿಡಕ್ಕೆ ಒಂದೂವರೆ ಗೇಣಾದ್ರೂ ಬಿಡಿ.”

“ನಲವತ್ತು ಸೀಟಿನ ಬಸ್ಸಿಗೆ ತೊಂಬತ್ತು ಜನ ತುಂಬೋನು ನಾನು. ಗಿಡಗಳೇನು ಕಾಲು ತುಳಿದ್ರು ಅಂತ ಜಗಳ ಆಡ್ತಾವಾ?”

ಇದ್ದ ಸಸಿಗಳಲ್ಲಿ ಮುಕ್ಕಾಲು ಪಾಲನ್ನು ನನ್ನ ಮಡಿಗೇ ತುರುಕಿದೆ. ಅವಳು ದೂರದೂರಕ್ಕೆ ನೆಟ್ಟು, ಬುಡದಲ್ಲಿ ಒಣಹುಲ್ಲು ಹಾಸಿದಳು.

“ಹಾಸಿಗೆ ಆಯ್ತು, ದಿಂಬು?” ಎಂದೆ.

“ಹಣ್ಣು ಮಣ್ಣಿಗೆ ತಾಗಿದ್ರೆ ಕೊಳೆಯುತ್ತೆ ಕಣ್ರೀ. ತೇವಾನೂ ಉಳಿಯುತ್ತೆ.”

ನಕ್ಕುಬಿಟ್ಟೆ. (ಆ ನಗು ನನ್ನ ಬಳಿ ಹೆಚ್ಚು ಕಾಲ ಉಳಿಯಲಿಲ್ಲ.)

ನನ್ನ ಮಡಿ ದಂಡಕಾರಣ್ಯವಾಯಿತು. ಎಲೆಗಳ ನಡುವೆ ಗಾಳಿಗೂ ದಾರಿಯಿಲ್ಲ, ಬಿಸಿಲಿಗೂ ಇಲ್ಲ. ಹಣ್ಣುಗಳು ಕಡಲೆಕಾಳಿನ ಅಣ್ಣಂದಿರಷ್ಟೇ; ಕಚ್ಚಿದರೆ ಕಣ್ಣು ತಾನಾಗಿ ಮುಚ್ಚುವಷ್ಟು ಹುಳಿ. ಮಣ್ಣಿಗೆ ಒರಗಿದವು ಬೂದು ಬೂಷ್ಟು ಹೊದ್ದು ಮಡಿಯಲ್ಲೇ ಮಡಿದವು. ಅವಳ ಹುಲ್ಲಿನ ಮೇಲೋ, ಮಗುವಿನ ಮುಷ್ಟಿಯಂಥ ಕೆಂಪು ಹಣ್ಣುಗಳು ರಾಜಠೀವಿಯಿಂದ ಮಲಗಿದ್ದವು.

ಅಂಥ ಹೊತ್ತಿಗೇ ನಾದಿನಿ ಬಂದಳು. ಹೆಂಡತಿ ಅಡುಗೆಮನೆಯಲ್ಲಿದ್ದಳು. ನಾನು ಹಿತ್ತಲಿಗೆ ನುಗ್ಗಿ, ಅವಳ ಮಡಿಯಿಂದಲೇ ಒಂದು ತಟ್ಟೆ ತುಂಬಿ ತಂದಿಟ್ಟೆ.

“ಭಾವ! ಜೇನುತುಪ್ಪ! ನೀವೇ ಬೆಳೆದದ್ದಾ?”

“ಮತ್ತಿನ್ಯಾರು? ಗಿಡಕ್ಕೆ ಉಸಿರಾಡೋಕೆ ಜಾಗ ಕೊಡ್ಬೇಕು. ಬುಡಕ್ಕೆ ಹುಲ್ಲು ಹಾಸ್ಬೇಕು. ತೇವ ಉಳಿಯುತ್ತೆ, ಹಣ್ಣು ಕೊಳೆಯಲ್ಲ. ಶಾಸ್ತ್ರ ಗೊತ್ತಿರ್ಬೇಕಮ್ಮಾ!”

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಬೈಯಲಿಲ್ಲ. ಆಗಲೇ ನಾನು ಹೆದರಬೇಕಿತ್ತು.

“ನಮ್ಮನೆ ಹಿಂದೆ ಅಷ್ಟು ದೊಡ್ಡ ಜಾಗ ಪಾಳು ಬಿದ್ದಿದೆ,” ಎಂದಳು ನಾದಿನಿ. “ಇಂಥ ಪಂಡಿತರು ಸಿಕ್ಕಿದ್ರೆ...”

“ರಜೆ ಸಿಗಲ್ಲ—”

“ನಾಳೆಯಿಂದ ಒಂದು ವಾರ ಇವರಿಗೆ ರಜಾನೇ,” ಎಂದಳು ನನ್ನ ಧರ್ಮಪತ್ನಿ, ಸಕ್ಕರೆಯಂಥ ದನಿಯಲ್ಲಿ. “ಕರ್ಕೊಂಡು ಹೋಗೇ. ಆಳುಗಳನ್ನ ಮಾತ್ರ ಕರೀಬೇಡ. ಶಾಸ್ತ್ರ ಕೆಟ್ಟುಹೋಗುತ್ತೆ.”

ವಾರವಿಡೀ ಅಗೆದೆ, ನೆಟ್ಟೆ, ಹುಲ್ಲು ಹೊತ್ತೆ. ಬೆನ್ನು ಪ್ರಶ್ನಾರ್ಥಕ ಚಿಹ್ನೆಯಾಗಿದೆ. ನಿನ್ನೆ ನಾದಿನಿಯ ಫೋನು: “ಭಾವ, ಪಕ್ಕದ ಮನೆಯವರೂ ನಿಮ್ಮನ್ನೇ ಕೇಳ್ತಿದ್ದಾರೆ. ಅವರ ಜಾಗ ನಮ್ಮದರ ಎರಡರಷ್ಟಿದೆ!”