ಬಿಚ್ಚಿ ನೋಡಿದ ಕರಡಿ

ಎಲ್ಲದಕ್ಕೂ ಕಾರಣ ಕರಡಿಯ ಹೊಟ್ಟೆ. ಅದು ದುಂಡಗಿತ್ತು.

ಚಪ್ಪಟೆ ಬಟ್ಟೆಯಿಂದ ಅಷ್ಟು ದುಂಡನೆಯ ಹೊಟ್ಟೆ ಹೇಗೆ ಬಂತು ಎಂದು ವಾಚು ರಿಪೇರಿಯವನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಬಿಚ್ಚದೆ ಬಿಡುವ ಜಾಯಮಾನ ಅವನದಲ್ಲ. ಅಂಗಡಿಯಲ್ಲಿ ಅದು ಗುಣ, ಮನೆಯಲ್ಲಿ ರೋಗ. ಹೆಂಡತಿಯ ಹೊಲಿಗೆ ಮೆಷಿನ್ನು ಕಿರಗುಟ್ಟುತ್ತದೆಂದು ಒಮ್ಮೆ ಬಿಚ್ಚಿದ್ದ. ಅದು ಇವತ್ತಿಗೂ ಎರಡು ಬಿಸ್ಕತ್ತಿನ ಡಬ್ಬಿಗಳಲ್ಲಿ ತಣ್ಣಗೆ ಮಲಗಿದೆ. ಸದ್ದು ನಿಂತಿದ್ದಂತೂ ನಿಜ.

ಹೆಂಡತಿ ಬಸ್ ಕಂಡಕ್ಟರ್. ಟಿಕೆಟ್ ತೆಗೆದುಕೊಳ್ಳದವರ ಜೊತೆ ಮಾತಾಡುವ ದನಿಯಲ್ಲೇ ಅವತ್ತು ಹೇಳಿದ್ದಳು. "ಇನ್ನೊಂದು ಸಲ ಈ ಮನೆಯಲ್ಲಿ ಏನಾದ್ರೂ ಬಿಚ್ಚಿದ್ರೆ, ನಿಮ್ಮ ಸ್ಕ್ರೂಡ್ರೈವರ್ ಪೆಟ್ಟಿಗೆ ಸೀದಾ ಗುಜರಿಗೆ." ಅವನು ಮಗಳ ಎದುರಿಗೇ ಮಾತು ಕೊಟ್ಟಿದ್ದ. ಆ ಪೆಟ್ಟಿಗೆ ಅವನ ಅಪ್ಪನದು. ಅದಿಲ್ಲದಿದ್ದರೆ ಅಂಗಡಿಯೂ ಇಲ್ಲ, ಅವನೂ ಇಲ್ಲ.

ಅಷ್ಟರಲ್ಲಿ ಶಾಲೆಯ ನಾಟಕ ಬಂತು. ಮಗಳಿಗೆ ಕರಡಿಯ ಪಾತ್ರ.

"ವೇಷ ಅಕ್ಕನೇ ಹೊಲಿದುಕೊಡ್ತಾಳೆ ಬಿಡಿ," ಎಂದಳು ಹೆಂಡತಿ. ಅಕ್ಕ ಎಂದರೆ ಅವಳ ಒಡಹುಟ್ಟಿದ ಅಕ್ಕ, ಮಗಳಿಗೆ ದೊಡ್ಡಮ್ಮ. ಮಗಳು ಕರೆದೂ ಕರೆದೂ ಬೀದಿಗೆಲ್ಲ ಆಕೆ ದೊಡ್ಡಮ್ಮನೇ ಆಗಿದ್ದರು. ವರ್ಷ ವರ್ಷವೂ ಶಾಲೆಯ ನಾಟಕಗಳಿಗೆ ಜಿಂಕೆ, ಮೊಲ, ರಾಜ, ಮಂತ್ರಿ ಎಲ್ಲರ ಬಟ್ಟೆಯೂ ದೊಡ್ಡಮ್ಮನ ಮನೆಯಿಂದಲೇ ಬರಬೇಕು. ಅವರು ಹೊಲಿಯುವುದನ್ನು ಯಾರೂ ನೋಡಿದವರಿಲ್ಲ. ಬಾಗಿಲು ಹಾಕಿಕೊಂಡು ಹೊಲಿಯುತ್ತಾರೆ, ಏಕಾಗ್ರತೆ ಬೇಕಂತೆ.

ವಾಚು ರಿಪೇರಿಯವನಿಗೆ ಯಾಕೋ ರೋಷ ಬಂತು. "ಕೂದಲಿಗಿಂತ ಸಣ್ಣ ಸ್ಪ್ರಿಂಗ್ ಕೂರಿಸೋ ಕೈ ಇದು. ಒಂದು ಕರಡಿ ಹೊಲಿಯಕ್ಕಾಗಲ್ವಾ?"

ಹೆಂಡತಿ ನಕ್ಕಳು. ಮಗಳು ಮಾತ್ರ ಅದನ್ನು ನಂಬಿದಳು. ಮರುದಿನ ಇಡೀ ತರಗತಿಗೆ "ನನ್ನ ಕರಡೀನ ನಮ್ಮಪ್ಪ ಹೊಲಿತಾರೆ" ಎಂದು ಸಾರಿ ಬಂದಳು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಸುದ್ದಿ ದೊಡ್ಡಮ್ಮನಿಗೂ ಮುಟ್ಟಿತು. ನಾಟಕದ ಹಿಂದಿನ ಸಂಜೆ ಅವರೇ ಒಂದು ಚೀಲ ಹಿಡಿದು ಬಂದರು. ಒಳಗೆ ಹಿಂದೊಮ್ಮೆ ವೇಷದ ಸ್ಪರ್ಧೆಯಲ್ಲಿ ಕಪ್ ಗೆದ್ದಿದ್ದ ಅವರ ಹೆಸರಾಂತ ಕರಡಿ ವೇಷ.

"ಮಾದರಿಗೆ ಇರಲಿ ಅಂತ ತಂದೆ. ಮಗೂಗೆ ಚಿಕ್ಕದಾಗುತ್ತೆ, ನೀವು ಬರೀ ನೋಡ್ಕೊಳ್ಳಿ. ನಾಳೆ ಸಂಜೆ ಶಾಲೆಯಲ್ಲೇ ವಾಪಸ್ ಕೊಟ್ರೆ ಸಾಕು." ಬಾಗಿಲವರೆಗೂ ಹೋದವರು ತಿರುಗಿ ನಿಂತರು. "ಹೊಟ್ಟೆ ಮಾತ್ರ ಮುಟ್ಟಬೇಡಿ. ಅದು ಹೇಗೆ ಬಂತು ಅಂತ ಇವತ್ತಿನವರೆಗೂ ಯಾರಿಗೂ ಗೊತ್ತಾಗಿಲ್ಲ."

ಆ ಮಾತು ರಾತ್ರಿಯೆಲ್ಲ ಅವನ ತಲೆಯಲ್ಲಿ ಟಿಕ್ ಟಿಕ್ ಎನ್ನುತ್ತಲೇ ಇತ್ತು.

ಬೆಳಿಗ್ಗೆ ಹೆಂಡತಿ ಡ್ಯೂಟಿಗೆ ಹೋದಳು, ಮಗಳು ಶಾಲೆಗೆ. ಅವನು ಅಂಗಡಿಗೆ ರಜೆ ಹಾಕಿ, ಹಳೆಯ ಕಂದು ಕಂಬಳಿಯನ್ನು ಊಟದ ಮೇಜಿನ ಮೇಲೆ ಹರಡಿದ. ಪಕ್ಕದಲ್ಲಿ ದೊಡ್ಡಮ್ಮನ ಕರಡಿಯನ್ನು ಕೂರಿಸಿದ. ಎದುರಿನಿಂದ ನೋಡಿದ, ಹಿಂದಿನಿಂದ ನೋಡಿದ, ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡೂ ನೋಡಿದ. ಎಲ್ಲೂ ಹೊಲಿಗೆ ಕಾಣಿಸಲಿಲ್ಲ.

ಒಂದೇ ಒಂದು ಹೊಲಿಗೆ ಬಿಚ್ಚಿದರೆ ಬಿಚ್ಚಿದ ಹಾಗಾಗುವುದಿಲ್ಲ ಎಂದುಕೊಂಡ. ಚಿಮುಟದ ತುದಿಯಿಂದ ಹೊಟ್ಟೆಯ ಬದಿಯಲ್ಲಿ ಬೆರಳಿಗೆ ತಾಕಿದ ಒಂದು ನೂಲನ್ನು ಮೆಲ್ಲಗೆ ಎತ್ತಿದ. ಒಳಗೆ ಇನ್ನೊಂದು ಪದರ ಕಂಡಿತು. ಅದು ಎಲ್ಲಿಗೆ ಹೋಗುತ್ತದೆ ಎಂದು ನೋಡಲು ಎರಡನೆಯದನ್ನು ಎತ್ತಿದ. ಆ ಪದರ ತೋಳಿನ ಕೆಳಗೆ ನುಸುಳಿತ್ತು. ತೋಳು ಬಿಚ್ಚದೆ ಅದು ತಿಳಿಯುವಂತಿರಲಿಲ್ಲ. ಹಾಲಿನವನು ಬಂದು ಹೋಗುವಷ್ಟರಲ್ಲಿ ಕರಡಿ ಮೇಜಿನ ಮೇಲೆ ವಾಚಿನ ಹಾಗೆ ಸಾಲಾಗಿ ಮಲಗಿತ್ತು: ಬಲಗಾಲು, ಎಡಗಾಲು, ಬೆನ್ನು, ಬಾಲ. ಕಿವಿಗಳು ಹಾರಿಹೋಗದಂತೆ ಎರಡು ಲೋಟ ಬೋರಲು ಹಾಕಿದ್ದ.

ಹೊಟ್ಟೆಯ ಗುಟ್ಟು ಸಿಕ್ಕಿತು. ಬಟ್ಟೆಯನ್ನು ಎಲೆಯ ಆಕಾರದಲ್ಲಿ ಕತ್ತರಿಸಿ ಒಂದಕ್ಕೊಂದು ಸೇರಿಸಿದ್ದರು, ಮಕ್ಕಳ ಚೆಂಡಿನ ಹಾಗೆ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ತಾನು ಕೊಟ್ಟ ಮಾತೂ ಮರೆತುಹೋಯಿತು.

ಆಗ ಕಂಕುಳಿನ ಒಳಗಡೆ ಇನ್ನೊಂದು ವಸ್ತು ಕಂಡಿತು. ಹೆಬ್ಬೆರಳಿನಷ್ಟಗಲದ ಬಿಳಿ ಪಟ್ಟಿ. ಅದರ ಮೇಲೆ ಕೆಂಪು ದಾರದಲ್ಲಿ ಪೇಟೆಯ ಒಂದು ಟೈಲರ್ ಅಂಗಡಿಯ ಹೆಸರು.

ಅವನು ಎರಡು ಸಲ ಓದಿದ. ದೊಡ್ಡಮ್ಮ ಹೊಲಿದದ್ದಲ್ಲ. ಬಾಗಿಲು ಹಾಕಿಕೊಂಡ ಏಕಾಗ್ರತೆ, ಗೆದ್ದ ಕಪ್, ಶಾಲೆಯವರು ಮಾಡಿದ ಸನ್ಮಾನ, ಎಲ್ಲವೂ ಈ ಟೈಲರನದು. ಅವನಿಗೆ ನಗು ಉಕ್ಕಿ ಬಂತು. ಇದನ್ನು ಹೆಂಡತಿಗೆ ಹೇಳಿದರೆ ಅವಳ ಮುಖ ಹೇಗಾಗಬಹುದು ಎಂದು ಕಲ್ಪಿಸಿಕೊಳ್ಳುತ್ತಿದ್ದವನಿಗೆ ಅವಳ ಮೊದಲ ಪ್ರಶ್ನೆಯೂ ಕೇಳಿಸಿತು: "ನಿಮಗೆ ಹೇಗೆ ಗೊತ್ತಾಯ್ತು?" ನಗು ಅಲ್ಲೇ ನಿಂತಿತು. ಕಳ್ಳನಿಗೆ ಚೇಳು ಕುಟುಕಿದ ಹಾಗಾಯಿತು. ಪಟ್ಟಿಯನ್ನು ಆಮೇಲೆ ಹೊಲಿದರಾಯಿತೆಂದು ಅಂಗಿಯ ಜೇಬಿಗೆ ಹಾಕಿಕೊಂಡ.

ಈಗ ಎರಡು ಕರಡಿ ಹೊಲಿಯಬೇಕಿತ್ತು, ಒಂದು ಹೊಸದು, ಒಂದು ಹಳೆಯದು. ಸೂಜಿ ಹಿಡಿಯುವುದು ಜೀವನದಲ್ಲಿ ಇದೇ ಮೊದಲು.

ಸೂಜಿಗೆ ದಾರ ಪೋಣಿಸಿದ್ದು ಒಂದೇ ಏಟಿಗೆ. ಅಷ್ಟರ ಮಟ್ಟಿಗೆ ಅವನ ಕೈಯ ಹೆಮ್ಮೆ ಉಳಿಯಿತು. ಕಂಬಳಿಯನ್ನು ಕತ್ತರಿಸಿದ್ದೂ ಕರಾರುವಾಕ್ಕಾಗಿ, ಮಗಳ ಅಳತೆಗೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ. ಅದೇ ತಪ್ಪಾಯಿತು. ಹೊಲಿಗೆ ಎಂಬುದು ಎರಡೂ ಕಡೆಯಿಂದ ಬಟ್ಟೆ ತಿನ್ನುತ್ತದೆ, ಅದಕ್ಕೆ ಅಂಚು ಬಿಡಬೇಕು ಎಂದು ವಾಚಿನ ಶಾಸ್ತ್ರದಲ್ಲಿ ಎಲ್ಲೂ ಇಲ್ಲ. ಒಂದು ಕಾಲು ಮುಗಿಸಿ ಎದ್ದು ನಿಂತ. ಕರಡಿಯ ಕಾಲೂ ಜೊತೆಗೆ ಎದ್ದು ಬಂತು. ಅದನ್ನು ತನ್ನ ಪ್ಯಾಂಟಿಗೇ ಸೇರಿಸಿ ಹೊಲಿದಿದ್ದ.

ಅದೇ ಹೊತ್ತಿಗೆ ಪಕ್ಕದ ಮನೆಯ ನರ್ಸಮ್ಮ ರಿಪೇರಿಗೆ ಕೊಟ್ಟಿದ್ದ ಗಡಿಯಾರ ಕೇಳಿಕೊಂಡು ಬಂದರು. ಮೇಜಿನ ಮೇಲಿನ ಕರಡಿಯನ್ನು ನೋಡಿದವರೇ ಅಭ್ಯಾಸಬಲದಿಂದ ಕೇಳಿದರು.

"ಹೀಗಾಗಿ ಎಷ್ಟೊತ್ತಾಯ್ತು?"

"ಬೆಳಿಗ್ಗೆಯಿಂದ. ನನ್ನ ಹೆಂಡತಿಗೆ ಮಾತ್ರ ಹೇಳಬೇಡಿ ಸಿಸ್ಟರ್."

"ಮೊದಲು ನೀವು ಆ ಕಾಲು ಬಿಡಿಸ್ಕೊಳ್ಳಿ. ಹಳೇದನ್ನ ನನಗೆ ಕೊಡಿ. ಡಾಕ್ಟ್ರು ಹೊಲಿಗೆ ಹಾಕೋದನ್ನ ಹತ್ತಿರ ನಿಂತು ನೋಡಿ ನೋಡಿ ನನಗೂ ಬಂದ್ಬಿಟ್ಟಿದೆ."

ನರ್ಸಮ್ಮ ಸೂಜಿಯನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದು ಕೂತರು. ಒಂದು ಹೊಲಿಗೆ, ಒಂದು ಗಂಟು, ದಾರಕ್ಕೆ ಕತ್ತರಿ. ಮತ್ತೆ ಒಂದು ಹೊಲಿಗೆ, ಒಂದು ಗಂಟು. ಕರಡಿಯ ಬೆನ್ನು ದೊಡ್ಡ ಅಪಘಾತದಿಂದ ಬದುಕಿ ಬಂದವರ ಬೆನ್ನಿನ ಹಾಗೆ ಕಾಣತೊಡಗಿತು.

ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು ಎನ್ನುತ್ತಾರೆ. ಎರಡನೆಯ ಕಲ್ಲು ಮಹಡಿಯಿಂದ ಇಳಿದು ಬಂತು. ಮೇಲಿನ ಮನೆಯ ಬೈಂಡಿಂಗ್ ಯಜಮಾನರು ಜೀವಮಾನವೆಲ್ಲ ಪುಸ್ತಕಗಳಿಗೆ ರಟ್ಟು ಕಟ್ಟಿದವರು. ಕಿಟಕಿಯಲ್ಲಿ ಇಣುಕಿ, ಕರೆಯದೆಯೇ ಒಳಗೆ ಬಂದರು.

"ಇದೆಂಥ ಹೊಲಿಗೆ ಮಾರಾಯ್ರೇ. ಒಂದಕ್ಕೊಂದು ಸಂಬಂಧವೇ ಇಲ್ಲ. ದಾರ ಒಂದೇ ಇರಬೇಕು, ಮೊದಲನೇ ಪುಟದಿಂದ ಕೊನೇವರೆಗೆ."

"ಒಂದೇ ದಾರ ಆದ್ರೆ ಒಂದು ಕಡೆ ಕಿತ್ರೆ ಪೂರ್ತಿ ಹೋಗುತ್ತೆ ಯಜಮಾನ್ರೇ," ಎಂದರು ನರ್ಸಮ್ಮ ತಲೆ ಎತ್ತದೆ. "ಇದು ಪುಸ್ತಕ ಅಲ್ಲ, ಮೈ."

"ಮೈಯಾದ್ರೇನು, ಬೆನ್ನು ಇದೆ ತಾನೇ? ಬೆನ್ನಿದ್ದದ್ದೆಲ್ಲ ನನ್ನ ಕೆಲಸ." ಯಜಮಾನರು ಎರಡೂ ಕರಡಿಗಳ ಕಿವಿಗಳನ್ನು ತೆಗೆದುಕೊಂಡು, ಮೈದಾ ಅಂಟು ಹಚ್ಚಿ, ತಮ್ಮ ಮನೆಯ ಅತಿ ದಪ್ಪನೆಯ ನಿಘಂಟಿನ ಅಡಿಯಲ್ಲಿಟ್ಟು ಬಂದರು. "ಒಂದು ಗಂಟೆ ಭಾರ ಇರಲಿ. ಆಮೇಲೆ ನೋಡಿ, ಅಲ್ಲಾಡಲ್ಲ."

ವಾಚು ರಿಪೇರಿಯವನು ಇಬ್ಬರ ನಡುವೆ ಬೆವರುತ್ತಾ ಹೊಲಿದ. ಬೆರಳಿಗೆ ಎಷ್ಟು ಸಲ ಚುಚ್ಚಿಕೊಂಡನೋ ಲೆಕ್ಕವಿಲ್ಲ. ನರ್ಸಮ್ಮ ಪ್ರತಿ ಸಲವೂ ಬ್ಯಾಂಡೇಜು ಕಟ್ಟುತ್ತಾ ಹೋದರು, ಕೊನೆಗೆ ಅವನ ಬೆರಳುಗಳು ಸೂಜಿ ಹಿಡಿಯಲಾರದಷ್ಟು ದಪ್ಪಗಾದವು.

ಮಧ್ಯಾಹ್ನ ಮಗಳು ಬಂದಳು. ಅವಳನ್ನು ಕರಡಿಯೊಳಗೆ ಇಳಿಸಲು ಮೂವರೂ ಕೈ ಹಾಕಬೇಕಾಯಿತು. ಬಟ್ಟೆ ಮೈಗೆ ಅಂಟಿ ಕೂತಿತು. ಕಿವಿಗಳು ಒಣಗಿದ ಎಲೆಯಂತೆ ಚಪ್ಪಟೆಯಾಗಿದ್ದವು.

"ಹೇಗಿದೆ ಪುಟ್ಟಾ?"

ಮಗಳು ತೋಳೆತ್ತಿ ನೋಡಿದಳು. "ಚೆನ್ನಾಗಿದೆ ಅಪ್ಪ. ಆದ್ರೆ ಕರಡಿಗೆ ಉಸಿರಾಡಕ್ಕಾಗ್ತಿಲ್ಲ." ಅವನ ಮುಖ ಬಾಡಿದ್ದು ನೋಡಿ ಮೆಲ್ಲಗೆ ಸೇರಿಸಿದಳು, "ನಾನು ಉಸಿರು ಹಿಡ್ಕೋತೀನಿ. ನಂದು ಸಣ್ಣ ಪಾರ್ಟು."

ಅವನು ಎದ್ದ. ಒಳಗೆ ಹೋಗಿ ತನ್ನ ಒಂದೇ ಒಂದು ಒಳ್ಳೆಯ ಸ್ವೆಟರನ್ನು ತಂದ. ಅದೂ ಕಂದು ಬಣ್ಣದ್ದೇ. ಹೊಟ್ಟೆಯ ಗುಟ್ಟು ಈಗ ಅವನಿಗೆ ಗೊತ್ತಿತ್ತಲ್ಲ. ಸ್ವೆಟರಿನಿಂದ ಎಲೆಯಾಕಾರದ ತುಂಡುಗಳನ್ನು ಕತ್ತರಿಸಿದ, ಈ ಸಲ ಸುತ್ತಲೂ ಧಾರಾಳವಾಗಿ ಅಂಚು ಬಿಟ್ಟು. ಕರಡಿಯ ಎರಡೂ ಪಕ್ಕೆ ಸೀಳಿ ಅವುಗಳನ್ನು ಸೇರಿಸಿದ. ಬ್ಯಾಂಡೇಜಿನ ಬೆರಳುಗಳಲ್ಲೇ ಹೊಲಿದ. ನರ್ಸಮ್ಮ ಗಂಟು ಹಾಕಿದರು, ಯಜಮಾನರು ದಾರಕ್ಕೆ ಮೇಣ ಸವರಿ ಕೊಟ್ಟರು. ಕರಡಿಗೆ ಹೊಟ್ಟೆ ಬಂತು, ಉಸಿರೂ ಬಂತು. ಹಳೆಯ ಕರಡಿಯನ್ನೂ ಹೇಗೋ ಮುಗಿಸಿ, ಗಾಯಗಳು ಕಾಣದಂತೆ ಮಡಚಿ ಚೀಲಕ್ಕೆ ತುರುಕಿದ.

ಶಾಲೆಯ ಸಭಾಂಗಣ ತುಂಬಿತ್ತು. ಹೆಂಡತಿ ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಬಂದು ಪಕ್ಕದಲ್ಲಿ ಕೂತಳು. ಪರದೆ ಸರಿಯಿತು. ಕರಡಿ ಬಂತು, ಕುಣಿಯಿತು, ಪಲ್ಟಿಯನ್ನೂ ಹೊಡೆಯಿತು. ಒಂದು ಕಿವಿ ಕಳಚಿ ಮೊಲದ ಮೇಲೆ ಬಿತ್ತು. ಹೊಟ್ಟೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಚಪ್ಪಾಳೆಯ ನಡುವೆ ಕರಡಿ ವೇದಿಕೆಯ ಅಂಚಿಗೆ ಬಂದು, "ಇದನ್ನ ನಮ್ಮಪ್ಪ ಹೊಲಿದದ್ದು," ಎಂದು ನಾಟಕದಲ್ಲಿಲ್ಲದ ಮಾತೊಂದನ್ನು ಹೇಳಿತು. ಹೆಂಡತಿ ಅವನ ಬ್ಯಾಂಡೇಜಿನ ಕೈಯನ್ನು ಹಿಡಿದುಕೊಂಡಳು. ಅವನು ಅಷ್ಟು ಸುಖವಾಗಿ ಕೂತು ವರ್ಷಗಳಾಗಿದ್ದವು.

ಮಗಳನ್ನು ಕರೆತರಲು ಹೆಂಡತಿ ವೇದಿಕೆಯ ಹಿಂದಕ್ಕೆ ಹೋದಾಗ, ದೊಡ್ಡಮ್ಮ ಬಂದು ಚೀಲಕ್ಕೆ ಕೈ ಚಾಚಿದರು. ಬೆನ್ನು ನೋಡಲಿಲ್ಲ, ಕಿವಿ ನೋಡಲಿಲ್ಲ. ಕೈ ನೇರವಾಗಿ ಕಂಕುಳಿಗೆ ಹೋಯಿತು.

"ಇಲ್ಲೊಂದು ಪಟ್ಟಿ ಇತ್ತಲ್ಲ?"

ವಾಚು ರಿಪೇರಿಯವನು ಜೇಬು ಮುಟ್ಟಿಕೊಂಡ. ವಾಚನ್ನು ಮರಳಿ ಜೋಡಿಸಿದ ಮೇಲೆ ಮೇಜಿನ ಮೇಲೆ ಒಂದು ಸ್ಕ್ರೂ ಉಳಿದರೆ ಹೇಗಾಗುತ್ತದೋ ಹಾಗಾಯಿತು.

"ಅತ್ತಿಗೆ, ನಾನು... ಒಂದೇ ಒಂದು ಹೊಲಿಗೆ..."

"ಗಾಬರಿ ಆಗಬೇಡಿ," ಎಂದರು ದೊಡ್ಡಮ್ಮ ತಣ್ಣಗೆ. "ಬಿಚ್ತೀರಿ ಅಂತ ಗೊತ್ತಿತ್ತು. ಅದಕ್ಕೇ ತಂದುಕೊಟ್ಟದ್ದು. ಮುಟ್ಟಬೇಡಿ ಅಂತ ಬೇರೆ ಹೇಳಿದ್ದು."

ಅವನಿಗೆ ಅರ್ಥವಾಗುವ ಮೊದಲೇ ಹೆಡ್‌ಮಿಸ್ಟ್ರೆಸ್ ಕೈ ಮುಗಿಯುತ್ತಾ ಬಂದರು. "ದೊಡ್ಡಮ್ಮ ಬೆಳಿಗ್ಗೇನೇ ಹೇಳಿದ್ರು. ಅವರಿಗೆ ಬೆರಳು ನೋವಂತೆ, ಇನ್ನು ಮುಂದೆ ಶಾಲೆಯ ವೇಷಗಳೆಲ್ಲ ನಿಮ್ಮದೇ ಅಂತ. ಮುಂದಿನ ತಿಂಗಳು ಸಮುದ್ರದ ನಾಟಕ. ಏಡಿ, ತಿಮಿಂಗಿಲ, ಮತ್ತೆ ಅಕ್ಟೋಪಸ್."

ಅವನು ಬಾಯಿ ತೆರೆದ. ದೊಡ್ಡಮ್ಮ ಅವನ ಭುಜದಾಚೆ ನೋಡಿದರು. ಮಗಳ ಕೈ ಹಿಡಿದು ಹೆಂಡತಿ ಬರುತ್ತಿದ್ದಳು. ಅವರ ಗುಟ್ಟು ಅವನ ಜೇಬಿನಲ್ಲಿತ್ತು. ಅದನ್ನು ತೆಗೆದರೆ ಅಪ್ಪನ ಪೆಟ್ಟಿಗೆ ನಾಳೆಯೇ ಗುಜರಿಗೆ.

"ಆಗಲಿ," ಎಂದ.

"ನಾನು ಹೇಳಲಿಲ್ವಾ, ನಮ್ಮಪ್ಪ ಏನು ಬೇಕಾದ್ರೂ ಹೊಲಿತಾರೆ," ಎಂದಳು ಮಗಳು.

ಒಂದು ಸಮಾಧಾನವಿತ್ತು. ಹೊರಡುವಾಗ ದೊಡ್ಡಮ್ಮನ ಪಕ್ಕಕ್ಕೆ ಸರಿದು ಪಿಸುಗುಟ್ಟಿದ. "ಹೋಗ್ಲಿ ಬಿಡಿ. ಅಂಗಡಿ ಹೆಸರು ನನ್ನ ಜೇಬಲ್ಲೇ ಇದೆ. ನಾನೂ ಅಲ್ಲೇ ಕೊಟ್ಟು ಹೊಲಿಸ್ತೀನಿ."

"ಅಯ್ಯೋ, ಆ ಟೈಲರ್ ಅಂಗಡಿ ಮುಚ್ಚಿ ಮಗನ ಮನೆಗೆ ಹೋದ್ರಲ್ಲ," ಎಂದರು ದೊಡ್ಡಮ್ಮ ಚೀಲವನ್ನು ಹೆಗಲಿಗೇರಿಸುತ್ತಾ. "ಇಲ್ಲದಿದ್ರೆ ನಾನ್ಯಾಕೆ ನಿಮ್ಮ ತಂಟೆಗೆ ಬರ್ತಿದ್ದೆ?"

ಅವನು ಅಲ್ಲೇ ನಿಂತ. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮನೆಯ ದಾರಿಯಲ್ಲಿ ಮಗಳು ಮುಂದೆ ಕುಣಿಯುತ್ತಿದ್ದಳು, ಹೆಂಡತಿ ಏನೋ ಹೇಳುತ್ತಿದ್ದಳು. ಅವನಿಗೆ ಒಂದೂ ಕೇಳಿಸುತ್ತಿರಲಿಲ್ಲ. ಅಕ್ಟೋಪಸ್ಸಿನ ಎಂಟು ಕಾಲು ಒಂದೇ ಮೈಗೆ ಹೇಗೆ ಸೇರುತ್ತವೆ, ಹೊಲಿಗೆ ಒಳಗಿನಿಂದಲೋ ಹೊರಗಿನಿಂದಲೋ ಎಂದು ಯೋಚಿಸುತ್ತಿದ್ದವನ ಕಣ್ಣು, ತುಂತುರು ಮಳೆಗೆ ಹೆಂಡತಿ ಬಿಚ್ಚಿ ಹಿಡಿದಿದ್ದ ಹೊಸ ಕೊಡೆಯ ಎಂಟು ಕಡ್ಡಿಗಳ ಮೇಲೆ ನೆಟ್ಟಿತ್ತು.