ಗಿರಿಜಾಳ ಚಿತ್ರಕ್ಕೆ ನಾನು ಹಚ್ಚಿದ ಅರಿಷಿಣ

ಚಿತ್ರ ಕೆಟ್ಟದ್ದು ನನ್ನ ಕೈಯಿಂದಲ್ಲ, ಒಣಗದ ಎಣ್ಣೆಬಣ್ಣದಿಂದ. ಬಾಗಿಲಿಗೆ ಹಚ್ಚಿದ ಬಣ್ಣ ಮರುದಿನಕ್ಕೆ ಒಣಗುತ್ತದೆ. ಕಲಿತವರು ಹಚ್ಚುವ ಬಣ್ಣಕ್ಕೆ ವಾರಗಟ್ಟಲೆ ಬೇಕಂತೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕಿತ್ತು.

ನವರಾತ್ರಿ ಬಂತೆಂದರೆ ನಮ್ಮ ಬೈರಿದೇವರಕೊಪ್ಪದ ಹೆಂಗಸರು ನಸುಕಿನಲ್ಲೇ ಬನ್ನಿ ಗಿಡಕ್ಕೆ ಅರಿಷಿಣ ಕುಂಕುಮ ಹಚ್ಚಲು ಹೋಗುತ್ತಾರೆ. ಅವತ್ತು ನನ್ನ ಮೊಣಕಾಲು ಏಳಲಿಲ್ಲ. ಎದುರಿಗೆ ಮೊಮ್ಮಗಳು ಗಿರಿಜಾ ಬರೆದು ಗೋಡೆಗೆ ಆನಿಸಿಟ್ಟ ಚಿತ್ರವಿತ್ತು: ಬಿರುಕು ಬಿಟ್ಟ ಕಲ್ಲುನೆಲ, ನಡುವೆ ಒಂದು ಸೊಟ್ಟ ಗಿಡ. "ಬರ್ಯಾಕ ಒಂದ ಗುಲಾಬಿ ಸಿಗಲಿಲ್ಲೇನ ನಿನಗ?" ಎಂದು ಹಿಂದೆಯೇ ಕೇಳಿದ್ದೆ. "ಗುಲಾಬಿಗೆ ದಿನಾ ನೀರ ಹಾಕಬೇಕ ಆಯಿ. ಇದಕ್ಕ ಯಾರೂ ಒಂದ ಚರಿಗಿ ನೀರ ಹಾಕಿಲ್ಲ, ಆದ್ರೂ ಹೆಂಗ ನಿಂತೈತಿ ನೋಡು" ಎಂದಿದ್ದಳು. ಬನ್ನಿಯೇ ಮನೆಗೆ ಬಂದಿರುವಾಗ ನಾನೇಕೆ ಹೋಗಲಿ ಅನ್ನಿಸಿತು. ಕಾಂಡಕ್ಕೆ ಅರಿಷಿಣ ಹಚ್ಚಿದೆ, ಮೇಲೆ ಕುಂಕುಮ. ಬೆರಳು ಅಂಟಿತು. ಸೆರಗಿನಿಂದ ಒರೆಸಿದೆ, ಅರ್ಧ ಗಿಡ ಸೆರಗಿಗೆ ಬಂತು, ಉಳಿದದ್ದು ಚಿತ್ರದ ಆಕಾಶಕ್ಕೆ ಹೋಯಿತು.

ಮರುದಿನ ಆ ಚಿತ್ರ ಧಾರವಾಡದ ಪ್ರದರ್ಶನಕ್ಕೆ ಹೋಗಬೇಕು. ಹುಡುಗಿಯ ಮೊದಲ ಪ್ರದರ್ಶನ. ಅವಳು ಕಾಲೇಜಿನಿಂದ ಬರುವವರೆಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗೇಟು ಸದ್ದಾದರೆ ಇಣುಕಿ ನೋಡುತ್ತಿದ್ದೆ. ಚಿತ್ರಕ್ಕೆ ಚಾದರ ಹೊದಿಸಿದೆ, ಅದೂ ಅಂಟಿಕೊಂಡಿತು. "ಅತ್ತ್ಯಾರ, ರೊಟ್ಟಿ ಯಾಕ ಮುಟ್ಟಿಲ್ರಿ?" ಎಂದಳು ಸೊಸೆ.

"ಉಪವಾಸ."

"ಮುಂಜಾನೆ ಉಪ್ಪಿಟ್ಟ ತಿಂದ್ರೆಲ್ಲ!"

"ಅದರ ಮುಂದಿನ ಉಪವಾಸ."

ಸಂಜೆ ಗಿರಿಜಾ ಚಾದರ ಎತ್ತಿ ನೋಡಿ ನೆಲಕ್ಕೆ ಕುಸಿದು ಕೂತಳು. "ಆಯಿ, ಇದು ಬನ್ನಿ ಅಲ್ಲ, ಜಾಲಿ!"

ತವರೂರು ಗರಗದ ಹೊಲದಲ್ಲಿ ಬೆಳೆದ ನಾನು ಜಾಲಿಗೆ ಕುಂಕುಮ ಹಚ್ಚಿದ್ದೆ! ಆದರೂ ಸೋಲಲು ಮನಸ್ಸಾಗಲಿಲ್ಲ. "ಜಾಲಿ ಅಂದ್ರ ಮುಳ್ಳೆಲ್ಲಿ? ಒಂದರ ಬರದೀ ಏನು?"

"ದೂರಿಂದ ನೋಡಿ ಬರದೇನಿ. ದೂರಿಂದ ಮುಳ್ಳ ಕಾಣೂದಿಲ್ಲ. ಈಗ ಸುಮ್ಮ ಕುಂಡ್ರು, ಜಗಳ ಆಮ್ಯಾಲೆ" ಎಂದು ಕಣ್ಣೊರೆಸಿಕೊಂಡು ಕಾಂಡವನ್ನು ಕೆರೆದಳು, ಮತ್ತೆ ಬರೆದಳು. ನಾನು ಪಕ್ಕದಲ್ಲಿ ದೀಪ ಹಿಡಿದು ಕೂತಿದ್ದೆ. ಆಕಾಶದ ಹಳದಿ ಮಾತ್ರ ಹೋಗಲಿಲ್ಲ. "ಯಾರರ ಕೇಳಿದ್ರ ಸಂಜಿ ಬಿಸಲು ಅಂತೇನಿ" ಎಂದಳು.

ಮರುದಿನ ನಸುಕಿನಲ್ಲಿ ಮೊಣಕಾಲು ಹಿಡಿದುಕೊಂಡು ಹೆಂಗಸರ ಜೊತೆ ನಿಜವಾದ ಬನ್ನಿಯ ಬಳಿ ಹೋದೆ. ಪ್ರತಿ ವರ್ಷ ಎಲ್ಲರನ್ನೂ ಸರಿಸಿ ಮುಂದೆ ನಿಲ್ಲುತ್ತಿದ್ದವಳು ಹಿಂದೆ ಸರಿದು, ನಾಲ್ಕಾರು ಮಂದಿ ಹಚ್ಚುವವರೆಗೆ ಕಾದು, ಆಮೇಲೆ ಹಚ್ಚಿದೆ.